ಹವಾಮಾನ ಬದಲಾವಣೆ: ಅಂತಾರಾಷ್ಟ್ರೀಯ ಕಾನೂನು ಮತ್ತು ಸರ್ಕಾರಿ ನೀತಿ

ವಾತಾವರಣದಲ್ಲಿ ಹಸಿರುಮನೆ ಅನಿಲಗಳು ಹೆಚ್ಚುತ್ತಿರುವುದನ್ನು ತಡೆಯಲು, ಆಗಲೇ ಆಗಿರುವ ಬದಲಾವಣೆಗೆ ಹೊಂದಿಕೊಳ್ಳಲು ಮತ್ತು ಇವೆರಡರ ಖರ್ಚನ್ನು ಹಂಚಿಕೊಳ್ಳಲು ದೇಶಗಳು ಮಾಡಿಕೊಂಡ ಒಪ್ಪಂದಗಳು, ದೇಶದೊಳಗಿನ ಕಾಯಿದೆ, ತೆರಿಗೆ, ಯೋಜನೆಗಳು ಹಾಗೂ ನ್ಯಾಯಾಲಯಗಳ ತೀರ್ಪುಗಳು ಈ ವಿಷಯದ ವ್ಯಾಪ್ತಿಗೆ ಬರುತ್ತವೆ. 1992ರ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಚೌಕಟ್ಟು ಒಡಂಬಡಿಕೆ, 1997ರ ಕ್ಯೋಟೊ ಪ್ರೋಟೊಕಾಲ್ ಮತ್ತು 2015ರ ಪ್ಯಾರಿಸ್ ಒಪ್ಪಂದ ಇದರ ಮೂರು ಆಧಾರಸ್ತಂಭಗಳು. ಸಾರ್ವಜನಿಕ ಚರ್ಚೆ ಹೆಚ್ಚಾಗಿ ಗುರಿಗಳ ಸುತ್ತ ನಡೆಯುತ್ತದೆ: ಎಷ್ಟು ಡಿಗ್ರಿ, ಎಷ್ಟು ಶೇಕಡ, ಯಾವ ಇಸವಿಯೊಳಗೆ. ಆದರೆ ಈ ಕಾನೂನು ಯಾರನ್ನು ಎಷ್ಟು ಕಟ್ಟಿಹಾಕುತ್ತದೆ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಲೆಕ್ಕ ಬರೆಯುವ ವಿಧಾನದಲ್ಲಿ. ಯಾವ ಅನಿಲ, ಯಾರ ಖಾತೆಗೆ, ಯಾವ ವರ್ಷಕ್ಕೆ ಹೋಲಿಸಿ, ಯಾರ ತಪಾಸಣೆಯಲ್ಲಿ ಎಂಬ ನಾಲ್ಕು ಪ್ರಶ್ನೆಗಳ ಸುತ್ತ ಮೂರು ದಶಕಗಳ ಸಂಧಾನ ನಡೆದಿದೆ.

ಹಿನ್ನೆಲೆ

1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದಲ್ಲಿ ಹವಾಮಾನ ಬದಲಾವಣೆ ಮುಖ್ಯ ವಿಷಯವಾಗಿರಲಿಲ್ಲ. ಅದು ರಾಜತಾಂತ್ರಿಕ ವಿಷಯವಾಗಿ ಬೆಳೆದದ್ದು 1985ರಿಂದ 1990ರ ನಡುವಿನ ಐದಾರು ವರ್ಷಗಳಲ್ಲಿ. 1988ರಲ್ಲಿ ಟೊರಾಂಟೊ ಸಮ್ಮೇಳನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯನ್ನು 2005ರೊಳಗೆ ಶೇ 20ರಷ್ಟು ಇಳಿಸಬೇಕೆಂದು ಕರೆ ಕೊಟ್ಟಿತು. ಅದೇ ವರ್ಷ ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಐಪಿಸಿಸಿ ಎಂಬ ಅಂತರ್‌ಸರ್ಕಾರಿ ತಜ್ಞ ಸಮಿತಿಯನ್ನು ಸ್ಥಾಪಿಸಿದವು. ಡಿಸೆಂಬರ್‌ನಲ್ಲಿ, ಪುಟ್ಟ ದ್ವೀಪರಾಷ್ಟ್ರ ಮಾಲ್ಟಾದ ಉಪಕ್ರಮದಿಂದ ಬಂದ 43/53ನೇ ನಿರ್ಣಯದಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಹವಾಮಾನ ಬದಲಾವಣೆಯನ್ನು ಮನುಕುಲದ ಸಮಾನ ಕಾಳಜಿ ಎಂದು ಘೋಷಿಸಿತು. 1990ರ ಡಿಸೆಂಬರ್‌ನಲ್ಲಿ ಒಡಂಬಡಿಕೆಯ ಸಂಧಾನಕ್ಕೆ ಸಮಿತಿ ನೇಮಕವಾಯಿತು.

ಲೆಕ್ಕದ ಜಗಳ ಒಡಂಬಡಿಕೆಗಿಂತ ಮೊದಲೇ ಶುರುವಾಗಿತ್ತು. ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ದೇಶವಾರು ಪಟ್ಟಿ ಭಾರತ, ಚೀನಾ, ಬ್ರೆಜಿಲ್‌ಗಳನ್ನು ದೊಡ್ಡ ಹೊಣೆಗಾರರ ಸಾಲಿನಲ್ಲಿ ಇರಿಸಿತ್ತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಅದೇ ಅಂಕಿಗಳನ್ನು ಬೇರೆ ರೀತಿಯಲ್ಲಿ ಕೂಡಿ ಕಳೆದು ಒಂದು ಕಿರುಹೊತ್ತಗೆಯಲ್ಲಿ ಉತ್ತರ ಕೊಟ್ಟರು. ಕಡಲು ಮತ್ತು ಕಾಡು ಹೀರಿಕೊಳ್ಳುವ ಇಂಗಾಲವನ್ನು ದೇಶಗಳ ಹೊರಸೂಸುವಿಕೆಯ ಪ್ರಮಾಣಕ್ಕೆ ತಕ್ಕಂತೆ ಹಂಚುವ ಬದಲು ಜನಸಂಖ್ಯೆಗೆ ತಕ್ಕಂತೆ ಹಂಚಿದರೆ ಭಾರತದ ಪಾಲು ಬಹುತೇಕ ಕರಗಿಹೋಗುತ್ತಿತ್ತು. ಬದುಕಿಗಾಗಿ ಬೆಳೆಯುವ ಬತ್ತದ ಗದ್ದೆಯ ಮೀಥೇನನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂಬುದು ಅವರ ವಾದದ ಇನ್ನೊಂದು ಎಳೆ. ಮುಂದೆ ಸಂಧಾನಗಳಲ್ಲಿ ಭಾರತದ ನಿಲುವಿಗೆ ಈ ಕಿರುಹೊತ್ತಗೆ ಒದಗಿಸಿದ ಬೌದ್ಧಿಕ ಬಲ ಅದರ ಗಾತ್ರಕ್ಕೆ ಮೀರಿದ್ದು.

1992ರ ಚೌಕಟ್ಟು ಒಡಂಬಡಿಕೆ

ಒಡಂಬಡಿಕೆಯನ್ನು 1992ರ ಮೇ 9ರಂದು ನ್ಯೂಯಾರ್ಕ್‌ನಲ್ಲಿ ಅಂಗೀಕರಿಸಿ, ಜೂನ್‌ನಲ್ಲಿ ರಿಯೊ ಡಿ ಜನೈರೊ ಭೂಶೃಂಗದಲ್ಲಿ ಸಹಿಗೆ ಇಡಲಾಯಿತು. 1994ರ ಮಾರ್ಚ್ 21ರಂದು ಅದು ಜಾರಿಗೆ ಬಂದಿತು. ಮನುಷ್ಯರಿಂದ ಹವಾಮಾನ ವ್ಯವಸ್ಥೆಗೆ ಅಪಾಯಕಾರಿ ಕೈವಾಡ ಆಗದಂತಹ ಮಟ್ಟದಲ್ಲಿ ಹಸಿರುಮನೆ ಅನಿಲಗಳನ್ನು ಸ್ಥಿರಗೊಳಿಸುವುದು ಎರಡನೇ ವಿಧಿಯಲ್ಲಿ ಹೇಳಿರುವ ಉದ್ದೇಶ. ಆ ಮಟ್ಟ ಎಷ್ಟೆಂದು ಒಡಂಬಡಿಕೆ ಹೇಳಲಿಲ್ಲ.

ಮೂರನೇ ವಿಧಿಯಲ್ಲಿರುವ ‘ಸಮಾನ, ಆದರೆ ಭಿನ್ನ ಹೊಣೆ’ಯ ತತ್ವ ಇಡೀ ವ್ಯವಸ್ಥೆಯ ಬೆನ್ನೆಲುಬು. ಆಗಿನ ಕೈಗಾರಿಕಾ ದೇಶಗಳನ್ನೂ ಪೂರ್ವ ಯುರೋಪಿನ ದೇಶಗಳನ್ನೂ ಒಂದನೇ ಅನುಬಂಧದಲ್ಲಿ ಪಟ್ಟಿ ಮಾಡಲಾಯಿತು. ಅವುಗಳಲ್ಲಿ ಹಣ ಕೊಡಬೇಕಾದ ಶ್ರೀಮಂತ ದೇಶಗಳು ಎರಡನೇ ಅನುಬಂಧದಲ್ಲೂ ಇವೆ. ಉಳಿದ ದೇಶಗಳಿಗೆ ವರದಿ ಸಲ್ಲಿಸುವಂತಹ ಸಾಮಾನ್ಯ ಕರ್ತವ್ಯಗಳು ಮಾತ್ರ ಇದ್ದವು. 1992ರ ಸಂಪತ್ತಿನ ನಕ್ಷೆಯನ್ನು ಆಧರಿಸಿದ ಈ ಪಟ್ಟಿಗಳು ಮುಂದೆ ಹೆಚ್ಚು ಬದಲಾಗಲಿಲ್ಲ. ಸಿಂಗಪುರ, ಕತಾರ್, ದಕ್ಷಿಣ ಕೊರಿಯಾಗಳು ಅಭಿವೃದ್ಧಿಶೀಲ ದೇಶಗಳ ಸಾಲಿನಲ್ಲೇ ಉಳಿದವು. ಪ್ಯಾರಿಸ್‌ವರೆಗಿನ ಬಹುಪಾಲು ಕಲಹಕ್ಕೆ ಇದೇ ಮೂಲ.

ಇಲ್ಲಿ ನೆಲೆಗೊಂಡ ಮತ್ತೊಂದು ಪದ್ಧತಿ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಹೊಗೆ ಎಲ್ಲಿ ಹೊಮ್ಮಿತೋ ಆ ದೇಶದ ಖಾತೆಗೆ ಅದನ್ನು ಬರೆಯಲಾಗುತ್ತದೆ. ಆ ಸರಕನ್ನು ಎಲ್ಲಿಯವರು ಕೊಂಡು ಬಳಸಿದರು ಎಂಬುದು ಲೆಕ್ಕಕ್ಕಿಲ್ಲ. ಹೀಗಾಗಿ ಕಾರ್ಖಾನೆಗಳನ್ನು ಏಷ್ಯಾಕ್ಕೆ ಸಾಗಿಸಿದ ದೇಶದ ಖಾತೆ ತಾನಾಗಿಯೇ ಹಗುರಾಯಿತು. ಅಂತಾರಾಷ್ಟ್ರೀಯ ವಿಮಾನ ಮತ್ತು ಹಡಗುಗಳ ಇಂಧನ ಯಾವ ದೇಶದ ಮೊತ್ತಕ್ಕೂ ಸೇರುವುದಿಲ್ಲ. ಅವುಗಳನ್ನು ಕ್ರಮವಾಗಿ ಐಸಿಎಒ ಮತ್ತು ಐಎಂಒ ಎಂಬ ವಿಶ್ವಸಂಸ್ಥೆಯ ಅಂಗಸಂಸ್ಥೆಗಳಿಗೆ ಬಿಡಲಾಗಿದೆ. ಹಡಗುಗಳ ಹೊಗೆಗೆ ಬೆಲೆ ಕಟ್ಟುವ ಐಎಂಒ ಪ್ರಸ್ತಾವಕ್ಕೆ 2025ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತಾದರೂ ಅಕ್ಟೋಬರ್‌ನಲ್ಲಿ ಅಂತಿಮ ಅಂಗೀಕಾರವನ್ನು ಒಂದು ವರ್ಷ ಮುಂದೂಡಲಾಯಿತು.

ಕ್ಯೋಟೊ ಪ್ರೋಟೊಕಾಲ್

1997ರ ಡಿಸೆಂಬರ್ 11ರಂದು ಜಪಾನಿನ ಕ್ಯೋಟೊದಲ್ಲಿ ಅಂಗೀಕಾರವಾದ ಪ್ರೋಟೊಕಾಲ್, ಒಂದನೇ ಅನುಬಂಧದ ದೇಶಗಳಿಗೆ ಅಂಕಿ ಸಹಿತ ಕಡ್ಡಾಯ ಮಿತಿ ಹಾಕಿತು. 2008–2012ರ ಅವಧಿಯ ಸರಾಸರಿಯನ್ನು 1990ಕ್ಕೆ ಹೋಲಿಸಿದಾಗ ಐರೋಪ್ಯ ಸಮುದಾಯ ಶೇ 8, ಅಮೆರಿಕ ಶೇ 7, ಜಪಾನ್ ಶೇ 6ರಷ್ಟು ಇಳಿಸಬೇಕಿತ್ತು. ಆಸ್ಟ್ರೇಲಿಯಾಕ್ಕೆ ಶೇ 8ರಷ್ಟು ಏರಿಸಿಕೊಳ್ಳಲು ಅವಕಾಶವಿತ್ತು. ರಷ್ಯಾ 1990ರ ಮಟ್ಟದಲ್ಲೇ ಇದ್ದರೆ ಸಾಕಿತ್ತು. ಸೋವಿಯತ್ ಒಕ್ಕೂಟ ಕುಸಿದು ಕಾರ್ಖಾನೆಗಳು ಮುಚ್ಚಿದ್ದರಿಂದ ರಷ್ಯಾ ಮತ್ತು ಉಕ್ರೇನ್‌ಗಳ ಹೊರಸೂಸುವಿಕೆ ಅಷ್ಟರಲ್ಲಾಗಲೇ ಪಾತಾಳಕ್ಕೆ ಇಳಿದಿತ್ತು. ಏನೂ ಮಾಡದೆ ಉಳಿದ ಈ ಹೆಚ್ಚುವರಿ ಪಾಲನ್ನು ಮಾರಬಹುದಾಗಿತ್ತು. ಸಂಧಾನಕಾರರ ನಡುವೆ ಅದಕ್ಕೆ ‘ಬಿಸಿಗಾಳಿ’ ಎಂಬ ಅಡ್ಡಹೆಸರು ಬಿತ್ತು.

ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್ ಮತ್ತು ಮೂರು ಬಗೆಯ ಫ್ಲೋರಿನ್ ಅನಿಲಗಳನ್ನು ಕ್ಯೋಟೊ ಒಂದೇ ಬುಟ್ಟಿಗೆ ಹಾಕಿತು. ಇವುಗಳನ್ನು ಕೂಡಿಸಲು ಪ್ರತಿ ಅನಿಲ ನೂರು ವರ್ಷಗಳಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟು ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ ಎಂಬ ಗುಣಕವನ್ನು ಬಳಸಲಾಯಿತು. ಮೀಥೇನ್‌ಗೆ ಆಗ 21 ಎಂದು ಗೊತ್ತುಮಾಡಿದ್ದರು. ಪ್ಯಾರಿಸ್ ಒಪ್ಪಂದದ ವರದಿಗಳಲ್ಲಿ ಈಗ 28 ಬಳಸುತ್ತಾರೆ. ನೂರರ ಬದಲು ಇಪ್ಪತ್ತು ವರ್ಷಗಳ ಲೆಕ್ಕ ಹಿಡಿದರೆ ಅದೇ ಅನಿಲದ ಗುಣಕ 80 ದಾಟುತ್ತದೆ. ನೂರು ವರ್ಷ ಎಂಬುದು ವಿಜ್ಞಾನ ಹೇರಿದ ಸಂಖ್ಯೆಯಲ್ಲ, ಸಂಧಾನಕಾರರ ಆಯ್ಕೆ. ದನಕರು ಮತ್ತು ಬತ್ತ ಹೆಚ್ಚಿರುವ ದೇಶಗಳಿಗೆ ಈ ಆಯ್ಕೆಯ ತೂಕ ಸಣ್ಣದಲ್ಲ.

ಅಮೆರಿಕದ ಸೆನೆಟ್ 1997ರ ಜುಲೈನಲ್ಲೇ, ಅಭಿವೃದ್ಧಿಶೀಲ ದೇಶಗಳಿಗೆ ಕಟ್ಟುಪಾಡಿಲ್ಲದ ಯಾವ ಒಪ್ಪಂದವೂ ಬೇಡವೆಂದು 95–0 ಮತಗಳಿಂದ ನಿರ್ಣಯಿಸಿತ್ತು. 2001ರಲ್ಲಿ ಜಾರ್ಜ್ ಬುಷ್ ಸರ್ಕಾರ ಪ್ರೋಟೊಕಾಲ್‌ನಿಂದ ಹಿಂದೆ ಸರಿಯಿತು. ಕನಿಷ್ಠ 55 ದೇಶಗಳ ಜೊತೆಗೆ ಒಂದನೇ ಅನುಬಂಧದ ದೇಶಗಳ 1990ರ ಡೈಆಕ್ಸೈಡ್‌ನಲ್ಲಿ ಶೇ 55ರ ಪಾಲುದಾರರೂ ಸ್ಥಿರೀಕರಿಸಬೇಕೆಂಬ ಷರತ್ತಿದ್ದುದರಿಂದ ರಷ್ಯಾ ಒಪ್ಪುವವರೆಗೂ ಕಾಯಬೇಕಾಗಿ ಬಂದು, 2005ರ ಫೆಬ್ರುವರಿ 16ರಂದು ಅದು ಜಾರಿಗೆ ಬಂದಿತು. ಗುರಿ ತಪ್ಪಿದ ದೇಶದಿಂದ ಕೊರತೆಯ 1.3 ಪಟ್ಟನ್ನು ಮುಂದಿನ ಅವಧಿಯಲ್ಲಿ ಮುರಿದುಕೊಳ್ಳುವ ದಂಡನಾ ನಿಯಮವೂ ಇತ್ತು. ಗುರಿ ಮೀರಿಹೋಗಿದ್ದ ಕೆನಡಾ 2011ರಲ್ಲಿ ನೋಟಿಸ್ ಕೊಟ್ಟು ಪ್ರೋಟೊಕಾಲನ್ನೇ ಬಿಟ್ಟು ಹೊರನಡೆದಾಗ ಆ ನಿಯಮದ ಬೆಲೆ ತಿಳಿಯಿತು. 2013–2020ರ ಎರಡನೇ ಅವಧಿಗಾಗಿ ದೋಹಾದಲ್ಲಿ ಮಾಡಿದ ತಿದ್ದುಪಡಿ ಜಾರಿಗೆ ಬಂದದ್ದು 2020ರ ಡಿಸೆಂಬರ್ 31ರಂದು, ಅಂದರೆ ಅವಧಿ ಮುಗಿಯುವ ದಿನ.

ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ

ಕ್ಯೋಟೊದ 12ನೇ ವಿಧಿಯಲ್ಲಿರುವ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ ಸಾಮಾನ್ಯವಾಗಿ ಸಿಡಿಎಂ ಎಂದೇ ಪರಿಚಿತ. ಗುರಿ ತಪ್ಪಿದ ಶ್ರೀಮಂತ ದೇಶಗಳ ಮೇಲೆ ದಂಡ ಹಾಕಿ ನಿಧಿ ಕಟ್ಟಬೇಕೆಂದು ಬ್ರೆಜಿಲ್ 1997ರಲ್ಲಿ ಮುಂದಿಟ್ಟ ಸಲಹೆ, ಕ್ಯೋಟೊದ ಕೊನೆಯ ಹೊತ್ತಿಗೆ ಮಾರುಕಟ್ಟೆಯ ರೂಪ ತಾಳಿತು. ಅಭಿವೃದ್ಧಿಶೀಲ ದೇಶದಲ್ಲಿ ಒಂದು ಟನ್ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆ ತಪ್ಪಿದರೆ ಒಂದು ಕ್ರೆಡಿಟ್ ಹುಟ್ಟುತ್ತಿತ್ತು. ಶ್ರೀಮಂತ ದೇಶ ಅದನ್ನು ಕೊಂಡು ತನ್ನ ಗುರಿಗೆ ಜಮಾ ಮಾಡಿಕೊಳ್ಳುತ್ತಿತ್ತು. ಕೊಂಡವರು ಆ ಬಲದ ಮೇಲೆ ಅಷ್ಟು ಹೊಗೆಯನ್ನು ಹೆಚ್ಚಿಗೆ ಬಿಡಬಹುದಾಗಿದ್ದರಿಂದ, ಕ್ರೆಡಿಟ್ ಸಾಚಾ ಆಗಿದ್ದರೂ ಜಗತ್ತಿನ ಮೊತ್ತ ಇಳಿಯುತ್ತಿರಲಿಲ್ಲ. ಖೋಟಾ ಆಗಿದ್ದರೆ ಏರುತ್ತಿತ್ತು. ಈ ಕಾರಣಕ್ಕೆ ಇಡೀ ವ್ಯವಸ್ಥೆಯ ಪ್ರಾಮಾಣಿಕತೆ ಎರಡು ಪ್ರಶ್ನೆಗಳ ಮೇಲೆ ನಿಂತಿತ್ತು: ಕ್ರೆಡಿಟ್ ಹಣ ಇಲ್ಲದಿದ್ದರೆ ಈ ಯೋಜನೆ ಆಗುತ್ತಲೇ ಇರಲಿಲ್ಲವೇ? ಆಗದಿದ್ದರೆ ಎಷ್ಟು ಹೊಗೆ ಹೊರಬರುತ್ತಿತ್ತು? ಎರಡೂ ನಡೆಯದೇ ಹೋದ ಸಂಗತಿಯ ಬಗೆಗಿನ ಪ್ರಶ್ನೆಗಳು. ಉತ್ತರವನ್ನು ಪರಿಶೀಲಿಸುವ ಖಾಸಗಿ ಲೆಕ್ಕ ತಪಾಸಕರಿಗೆ ಶುಲ್ಕ ಕೊಡುತ್ತಿದ್ದವರು ಯೋಜನೆಯ ಮಾಲೀಕರೇ ಆಗಿದ್ದರು.

ವ್ಯವಸ್ಥೆಯ ಎರಡು ತುದಿಗಳನ್ನು ತೋರಿಸಲು ಎರಡು ಬಗೆಯ ಯೋಜನೆಗಳು ಸಾಕು.

ಮೊದಲನೆಯದು, ಆಗಿನ ಕೋಲಾರ ಜಿಲ್ಲೆಗೆ ಸೇರಿದ್ದು ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಬಾಗೇಪಲ್ಲಿ ಸೀಮೆಯದು. ಬಾಗೇಪಲ್ಲಿ ಕೂಲಿ ಸಂಘ 5,500 ಮನೆಗಳಿಗೆ ತಲಾ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕ ಕಟ್ಟಿಸುವ ಯೋಜನೆ ರೂಪಿಸಿ 2005ರ ಡಿಸೆಂಬರ್‌ನಲ್ಲಿ ನೋಂದಾಯಿಸಿತು. ಮನೆಯವರು ದಿನವೂ ಸಗಣಿಯನ್ನು ನೀರಿನಲ್ಲಿ ಕಲಸಿ ತೊಟ್ಟಿಗೆ ಹೊಯ್ಯಬೇಕು. ನೆಲದೊಳಗಿನ ಗುಮ್ಮಟದಲ್ಲಿ ಕೂಡಿದ ಅನಿಲ ಕೊಳವೆಯಲ್ಲಿ ಒಲೆಗೆ ಬರುತ್ತದೆ, ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರವಾಗುತ್ತದೆ. ಕ್ರೆಡಿಟ್ ಲೆಕ್ಕ ಮಾತ್ರ ಅಷ್ಟು ಸರಳವಲ್ಲ. ಮೊದಲು ಮನೆಯೊಂದು ವರ್ಷಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ ಉರಿಸುತ್ತಿತ್ತು ಎಂದು ಸಮೀಕ್ಷೆಯಿಂದ ತಿಳಿಯಬೇಕು. ಸೌದೆಯಲ್ಲಿ ಕಡಿದಷ್ಟೂ ಮತ್ತೆ ಚಿಗುರುವ ಗಿಡಗಂಟಿಯ ಪಾಲನ್ನು ಬಿಟ್ಟುಬಿಡಬೇಕು, ಏಕೆಂದರೆ ಆ ಹೊಗೆಯನ್ನು ಚಿಗುರೇ ಮರಳಿ ಹೀರುತ್ತದೆ. ಕಾಡು ಸವೆಯುವಂತೆ ಕಡಿದ ಪಾಲಿಗಷ್ಟೇ ಕ್ರೆಡಿಟ್. ಈ ಪಾಲು ಎಷ್ಟೆಂಬ ಒಂದೇ ಊಹೆ ಬದಲಾದರೆ ಮೊತ್ತ ಅರ್ಧಕ್ಕೆ ಇಳಿಯಬಹುದು ಅಥವಾ ಇಮ್ಮಡಿಯಾಗಬಹುದು. ಸುಧಾರಿತ ಒಲೆಗಳ ಕ್ರೆಡಿಟ್‌ಗಳ ಮೇಲೆ ಇಂದಿಗೂ ಬರುತ್ತಿರುವ ಟೀಕೆಯ ಮುಖ್ಯ ಗುರಿಯೂ ಇದೇ ಅಂಕಿ. ಜೊತೆಗೆ ಘಟಕ ನಿಜವಾಗಿ ಉರಿಯುತ್ತಿದೆಯೇ, ದನ ಮಾರಿದ ಮನೆಯಲ್ಲಿ ಏನಾಯಿತು ಎಂಬ ದಾಖಲೆಯನ್ನೂ ಇಡಬೇಕು. ಇಷ್ಟೆಲ್ಲ ಆದ ಮೇಲೆ ಯೋಜನೆಯ ಅಂದಾಜು ವರ್ಷಕ್ಕೆ ಸುಮಾರು 19,500 ಟನ್, ಅಂದರೆ ಮನೆಗೆ ಮೂರೂವರೆ ಟನ್ನಿನಷ್ಟು.

ಎರಡನೆಯದು ಎಚ್‌ಎಫ್‌ಸಿ-23 ಎಂಬ ಅನಿಲವನ್ನು ಸುಡುವ ಯೋಜನೆಗಳು. ಹವಾನಿಯಂತ್ರಕಗಳಲ್ಲಿ ಬಳಸುವ ಎಚ್‌ಸಿಎಫ್‌ಸಿ-22 ಶೀತಕವನ್ನು ತಯಾರಿಸುವಾಗ ಈ ಅನಿಲ ಬೇಡದ ಉಪವಸ್ತುವಾಗಿ ಬರುತ್ತದೆ. ಪ್ರಮಾಣ ಶೇ 3ರ ಆಸುಪಾಸು. ಕ್ಯೋಟೊ ಲೆಕ್ಕದಲ್ಲಿ ಇದರ ಗುಣಕ 11,700. ಒಂದು ಟನ್ ಸುಟ್ಟರೆ 11,700 ಕ್ರೆಡಿಟ್. ವರ್ಷಕ್ಕೆ 10,000 ಟನ್ ಶೀತಕ ತಯಾರಿಸುವ ಕಾರ್ಖಾನೆಯನ್ನು ಉದಾಹರಣೆಗೆ ಹಿಡಿದರೆ, ಶೇ 3ರಂತೆ 300 ಟನ್ ಉಪವಸ್ತು, ಅದರಿಂದ 35 ಲಕ್ಷಕ್ಕೂ ಹೆಚ್ಚು ಕ್ರೆಡಿಟ್ ಸಿಗುತ್ತದೆ. ಒಂದಕ್ಕೆ 10 ಯೂರೊ ಬಂದರೂ ಮೂರೂವರೆ ಕೋಟಿ ಯೂರೊ. ಸುಡುವ ಕುಲುಮೆಯ ಖರ್ಚು ಕ್ರೆಡಿಟ್ ಒಂದಕ್ಕೆ ಒಂದು ಯೂರೊಗಿಂತ ಬಹಳ ಕಡಿಮೆ. ಶೀತಕಕ್ಕಿಂತ ಅದರ ಕಸವೇ ಹೆಚ್ಚು ಬೆಲೆಬಾಳುವ ಸರಕಾದಾಗ, ಕಸಕ್ಕಾಗಿಯೇ ಶೀತಕ ತಯಾರಿಸುವ ಆಸೆ ಹುಟ್ಟುವುದು ಸಹಜ. ಇದನ್ನು ಮೊದಲೇ ಊಹಿಸಿದ್ದ ಸಿಡಿಎಂನ ಕಾರ್ಯಕಾರಿ ಮಂಡಳಿ, 2000–2004ರ ನಡುವೆ ಕನಿಷ್ಠ ಮೂರು ವರ್ಷ ನಡೆದಿದ್ದ ಹಳೆಯ ಘಟಕಗಳಿಗಷ್ಟೇ ಅವಕಾಶ ಕೊಟ್ಟು, ಉಪವಸ್ತುವಿನ ಪ್ರಮಾಣಕ್ಕೂ ಮಿತಿ ಹಾಕಿತ್ತು. ಆದರೂ ಕೆಲವು ಘಟಕಗಳು ಕ್ರೆಡಿಟ್ ಸಿಗುವ ಮಿತಿಗೆ ಸರಿಯಾಗಿ ಉತ್ಪಾದನೆ ಹೊಂದಿಸುತ್ತಿವೆ ಎಂಬ ದೂರು 2010ರಲ್ಲಿ ಮಂಡಳಿಯ ಮುಂದೆ ಬಂದು, ಮರುವರ್ಷ ನಿಯಮ ಬಿಗಿಯಾಯಿತು. ಇಂತಹ 19 ಯೋಜನೆಗಳಲ್ಲಿ 11 ಚೀನಾದಲ್ಲೂ 5 ಭಾರತದಲ್ಲೂ ಇದ್ದವು. 2013ರ ಮೇ ತಿಂಗಳಿಂದ ಐರೋಪ್ಯ ಒಕ್ಕೂಟ ಇವುಗಳ ಕ್ರೆಡಿಟ್‌ಗಳನ್ನು ತನ್ನ ಮಾರುಕಟ್ಟೆಯಲ್ಲಿ ನಿಷೇಧಿಸಿತು.

ಎರಡನ್ನೂ ಅಕ್ಕಪಕ್ಕ ಇಟ್ಟರೆ ಬಾಗೇಪಲ್ಲಿಯ 5,500 ಅಡುಗೆಮನೆಗಳ ಒಂದು ವರ್ಷದ ಗಳಿಕೆ ಎರಡು ಟನ್‌ಗಿಂತ ಕಡಿಮೆ ಎಚ್‌ಎಫ್‌ಸಿ-23ಕ್ಕೆ ಸಮ. ವಾತಾವರಣದ ದೃಷ್ಟಿಯಲ್ಲಿ ಈ ಸಮೀಕರಣ ತಪ್ಪಲ್ಲ. ಆದರೆ 12ನೇ ವಿಧಿ ಸುಸ್ಥಿರ ಅಭಿವೃದ್ಧಿಗೆ ನೆರವಾಗುವುದನ್ನೂ ವ್ಯವಸ್ಥೆಯ ಉದ್ದೇಶವೆಂದು ಹೇಳಿತ್ತು. ಅದನ್ನು ಅಳೆಯುವ ಗುಣಕ ಯಾರ ಬಳಿಯೂ ಇರಲಿಲ್ಲ. ಯಾವುದು ಸುಸ್ಥಿರ ಎಂಬ ತೀರ್ಮಾನವನ್ನು ಆಯಾ ದೇಶದ ಪ್ರಾಧಿಕಾರಕ್ಕೆ ಬಿಡಲಾಗಿತ್ತು ಮತ್ತು ಅರ್ಜಿಗಳು ತಿರಸ್ಕೃತವಾದದ್ದು ವಿರಳ.

2008ರಲ್ಲಿ 20 ಯೂರೊ ದಾಟಿದ್ದ ಕ್ರೆಡಿಟ್ ಬೆಲೆ 2012ರ ಕೊನೆಗೆ ಒಂದು ಯೂರೊಗಿಂತ ಕೆಳಗೆ ಬಿತ್ತು. ಯುರೋಪಿನ ಆರ್ಥಿಕ ಹಿಂಜರಿತ, ಕ್ರೆಡಿಟ್‌ಗಳ ಪ್ರವಾಹ ಮತ್ತು ಕೊಳ್ಳುವ ದೇಶಗಳ ಹಿಂಜರಿಕೆ ಮೂರೂ ಸೇರಿ ಹೀಗಾಯಿತು. ಯೋಜನೆಗಳ ಸಂಖ್ಯೆಯಲ್ಲಿ ಚೀನಾದ ನಂತರದ ಸ್ಥಾನದಲ್ಲಿದ್ದ ಭಾರತದಲ್ಲಿ, ಕ್ರೆಡಿಟ್ ಆದಾಯವನ್ನು ನೆಚ್ಚಿಕೊಂಡಿದ್ದ ಸಣ್ಣ ಯೋಜನೆಗಳಿಗೆ ಪೆಟ್ಟು ಬಿತ್ತು. ಅಷ್ಟಾದರೂ, ಹಸಿರುಮನೆ ಅನಿಲವನ್ನು ಯೋಜನೆಯ ಮಟ್ಟದಲ್ಲಿ ಅಳೆಯುವ ವಿಧಾನಗಳ ದೊಡ್ಡ ಭಂಡಾರ ಸಿಡಿಎಂನಿಂದ ಉಳಿದಿದೆ. ನಂತರದ ಕಾರ್ಬನ್ ಮಾರುಕಟ್ಟೆಗಳು, ಭಾರತದ್ದೂ ಸೇರಿ, ಅದರಿಂದಲೇ ಕಡ ಪಡೆದಿವೆ.

ಪ್ಯಾರಿಸ್ ಒಪ್ಪಂದ

2009ರ ಕೋಪನ್‌ಹೇಗನ್ ಸಮ್ಮೇಳನ ಕಾನೂನುಬದ್ಧ ಒಪ್ಪಂದ ಕೊಡದೆ ಮುಗಿದರೂ, ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದುಕೊಡುವ ಪದ್ಧತಿಗೆ ನಾಂದಿ ಹಾಡಿತು. 2015ರ ಡಿಸೆಂಬರ್ 12ರಂದು ಅಂಗೀಕಾರವಾಗಿ 2016ರ ನವೆಂಬರ್ 4ರಂದು ಜಾರಿಗೆ ಬಂದ ಪ್ಯಾರಿಸ್ ಒಪ್ಪಂದ ಅದನ್ನೇ ಕಾನೂನಾಗಿಸಿತು. ಕೈಗಾರಿಕಾ ಯುಗದ ಮುಂಚಿನ ಮಟ್ಟಕ್ಕೆ ಹೋಲಿಸಿದರೆ ತಾಪಮಾನದ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೆ ಹಿಡಿಯುವುದು, 1.5 ಡಿಗ್ರಿಗೆ ಸೀಮಿತಗೊಳಿಸಲು ಪ್ರಯತ್ನಿಸುವುದು ಅದರ ಗುರಿ.

ಕ್ಯೋಟೊದಲ್ಲಿ ಫಲಿತಾಂಶ ಕಡ್ಡಾಯವಾಗಿತ್ತು. ಇಲ್ಲಿ ವಿಧಿವಿಧಾನ ಕಡ್ಡಾಯ. ದೇಶಗಳು ಐದು ವರ್ಷಕ್ಕೊಮ್ಮೆ ರಾಷ್ಟ್ರೀಯ ಬದ್ಧತೆಯನ್ನು ಸಲ್ಲಿಸಬೇಕು, ಪ್ರತಿ ಸಲವೂ ಅದು ಹಿಂದಿನದಕ್ಕಿಂತ ಮುಂದಿರಬೇಕು, ಅದನ್ನು ಈಡೇರಿಸಲು ದೇಶದೊಳಗೆ ಕ್ರಮ ಕೈಗೊಳ್ಳಬೇಕು. ಬದ್ಧತೆಯಲ್ಲಿ ಬರೆದ ಅಂಕಿ ಮುಟ್ಟದಿದ್ದರೆ ಶಿಕ್ಷೆಯಿಲ್ಲ. 15ನೇ ವಿಧಿಯ ಪಾಲನಾ ಸಮಿತಿ ಯಾರ ಮೇಲೂ ದಂಡ ಹಾಕುವಂತಿಲ್ಲ. ಅತ್ಯಂತ ಬಿಗಿಯಾಗಿರುವುದು 13ನೇ ವಿಧಿಯ ಪಾರದರ್ಶಕತೆಯ ನಿಯಮ. ಎರಡು ವರ್ಷಕ್ಕೊಮ್ಮೆ, ಒಂದೇ ನಮೂನೆಯ ಕೋಷ್ಟಕಗಳಲ್ಲಿ, ಶ್ರೀಮಂತ ಬಡ ಎನ್ನದೆ ಎಲ್ಲ ದೇಶಗಳೂ ಹೊರಸೂಸುವಿಕೆಯ ಲೆಕ್ಕ ಒಪ್ಪಿಸಬೇಕು. ಅತಿ ಹಿಂದುಳಿದ ದೇಶಗಳಿಗೂ ಪುಟ್ಟ ದ್ವೀಪರಾಷ್ಟ್ರಗಳಿಗೂ ರಿಯಾಯಿತಿ ಉಂಟು. ಮೊದಲ ವರದಿಗೆ 2024ರ ಡಿಸೆಂಬರ್ 31 ಗಡುವಾಗಿತ್ತು. 1992ರ ಪಟ್ಟಿಗಳ ಗೋಡೆ ಹೆಚ್ಚು ಕುಸಿದಿರುವುದು ಈ ಕೋಷ್ಟಕಗಳಲ್ಲಿ.

2023ರಲ್ಲಿ ದುಬೈನಲ್ಲಿ ಮುಗಿದ, ಒಪ್ಪಂದದ ಪ್ರಗತಿಯ ಮೊದಲ ಜಾಗತಿಕ ಪರಾಮರ್ಶೆ, ಇಂಧನ ವ್ಯವಸ್ಥೆಯಲ್ಲಿ ಪಳೆಯುಳಿಕೆ ಇಂಧನಗಳಿಂದ ಹೊರಳಿಕೊಳ್ಳುವಂತೆ ದೇಶಗಳಿಗೆ ಕರೆ ಕೊಟ್ಟಿತು. ಮೂರು ದಶಕಗಳ ಸಮ್ಮೇಳನಗಳಲ್ಲಿ ಈ ಇಂಧನಗಳನ್ನೆಲ್ಲ ಒಟ್ಟಾಗಿ ಹೆಸರಿಸಿ ಹಾಗೆ ಹೇಳಿದ್ದು ಅದೇ ಮೊದಲು. ಅಮೆರಿಕ 2020ರಲ್ಲಿ ಒಪ್ಪಂದದಿಂದ ಹೊರಬಂದು, 2021ರಲ್ಲಿ ಮರಳಿ, 2025ರ ಜನವರಿಯಲ್ಲಿ ಮತ್ತೆ ಹೊರಬರುವ ಆದೇಶ ಹೊರಡಿಸಿತು.

6ನೇ ವಿಧಿ ಸಿಡಿಎಂನ ಉತ್ತರಾಧಿಕಾರಿ. ಈಗ ಮಾರುವ ದೇಶಕ್ಕೂ ತನ್ನದೇ ಬದ್ಧತೆ ಇರುವುದರಿಂದ ಒಂದೇ ಟನ್ನು ಎರಡು ಕಡೆ ಜಮಾ ಆಗುವ ಅಪಾಯವಿದೆ. ಅದಕ್ಕಾಗಿ ಮಾರಿದ ದೇಶ ಅಷ್ಟನ್ನು ತನ್ನ ಖಾತೆಗೆ ಮರಳಿ ಸೇರಿಸಿಕೊಳ್ಳಬೇಕೆಂಬ ನಿಯಮವನ್ನು 2021ರಲ್ಲಿ ಗ್ಲಾಸ್ಗೊದಲ್ಲಿ ಮಾಡಲಾಯಿತು. ಉಳಿದ ವಿವರಗಳು 2024ರಲ್ಲಿ ಬಾಕುವಿನಲ್ಲಿ ಇತ್ಯರ್ಥವಾದವು. ಬ್ಯಾಂಕಾಕ್ ನಗರದ ವಿದ್ಯುತ್ ಬಸ್ಸುಗಳಿಂದ ಬಂದ ಉಳಿತಾಯವನ್ನು ಸ್ವಿಟ್ಜರ್ಲೆಂಡ್ ಕೊಂಡದ್ದು ಈ ಬಗೆಯ ಮೊದಲ ವರ್ಗಾವಣೆ. 2013ರ ನಂತರ ನೋಂದಾಯಿತವಾದ ಸಿಡಿಎಂ ಯೋಜನೆಗಳ ಹಳೆಯ ಕ್ರೆಡಿಟ್‌ಗಳನ್ನೂ ಮೊದಲ ಬದ್ಧತೆಗೆ ಬಳಸಲು ಬಿಟ್ಟದ್ದು ಸಂಧಾನದ ರಾಜಿ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಅದನ್ನು ಸಮರ್ಥಿಸುವುದು ಕಷ್ಟ.

ಹಣಕಾಸು ಮತ್ತು ನಷ್ಟ–ಹಾನಿ

2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಶ್ರೀಮಂತ ದೇಶಗಳು 2009ರಲ್ಲಿ ಮಾತು ಕೊಟ್ಟಿದ್ದವು. ಅವುಗಳದೇ ಕೂಟವಾದ ಒಇಸಿಡಿ ಲೆಕ್ಕದ ಪ್ರಕಾರ ಅದು ಈಡೇರಿದ್ದು 2022ರಲ್ಲಿ, ಅದರಲ್ಲೂ ದೊಡ್ಡ ಪಾಲು ಸಾಲದ ರೂಪದಲ್ಲಿ. ಹವಾಮಾನ ಹಣಕಾಸು ಎಂದರೇನು ಎಂಬುದಕ್ಕೆ ಎಲ್ಲರೂ ಒಪ್ಪಿದ ವ್ಯಾಖ್ಯೆ ಇಲ್ಲದಿರುವುದರಿಂದ ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. 2035ರೊಳಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂಬ ಹೊಸ ಗುರಿ ಬಾಕುವಿನಲ್ಲಿ ಅಂಗೀಕಾರವಾದ ಕೂಡಲೇ ಭಾರತ ಅದು ತೀರಾ ಸಾಲದೆಂದು ಸಭೆಯಲ್ಲೇ ಆಕ್ಷೇಪಿಸಿತು. ತಡೆಯಲಾಗದ ನಷ್ಟಕ್ಕಾಗಿ 2022ರಲ್ಲಿ ಶರ್ಮ್ ಎಲ್ ಶೇಖ್‌ನಲ್ಲಿ ಪ್ರತ್ಯೇಕ ನಿಧಿಗೆ ಒಪ್ಪಿಗೆ ದೊರೆಯಿತು. ಪ್ಯಾರಿಸ್‌ನಲ್ಲಿ ಮಾಡಿದ ನಿರ್ಣಯ ಆ ಒಪ್ಪಂದದ 8ನೇ ವಿಧಿ ಪರಿಹಾರದ ಹಕ್ಕಿಗೆ ಆಧಾರವಾಗದು ಎಂದು ಹೇಳಿದ್ದರಿಂದ, ಈ ನಿಧಿಗೆ ಹಣ ಬರುವುದು ಸ್ವಇಚ್ಛೆಯಿಂದ.

ಕಿಗಾಲಿ ತಿದ್ದುಪಡಿ

ಓಝೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಪ್ರೋಟೊಕಾಲ್, ಹವಾಮಾನದ ಹೆಸರಿಲ್ಲದೆಯೇ ಹವಾಮಾನಕ್ಕೆ ಹೆಚ್ಚು ಉಪಕಾರ ಮಾಡಿದ ಒಪ್ಪಂದಗಳಲ್ಲಿ ಒಂದು. ಅದು ತೊಲಗಿಸಿದ ಶೀತಕಗಳು ಪ್ರಬಲ ಹಸಿರುಮನೆ ಅನಿಲಗಳೂ ಆಗಿದ್ದವು. ಅವುಗಳ ಜಾಗಕ್ಕೆ ಬಂದ ಎಚ್‌ಎಫ್‌ಸಿಗಳನ್ನು ಇಳಿಸಲು 2016ರ ಅಕ್ಟೋಬರ್‌ನಲ್ಲಿ ರುವಾಂಡದ ಕಿಗಾಲಿಯಲ್ಲಿ ತಿದ್ದುಪಡಿ ಆಯಿತು. ಭಾರತ 2028ರಲ್ಲಿ ಬಳಕೆ ಮತ್ತೆ ಏರದಂತೆ ತಡೆಹಿಡಿದು 2047ರ ವೇಳೆಗೆ ಶೇ 85ರಷ್ಟು ಇಳಿಸಬೇಕು. ಸಿಡಿಎಂನಲ್ಲಿ ಕೋಟ್ಯಂತರ ಗಳಿಸಿಕೊಟ್ಟ ಎಚ್‌ಎಫ್‌ಸಿ-23ನ್ನು ತಯಾರಕರು ಸ್ವಂತ ಖರ್ಚಿನಲ್ಲಿ ಸುಡಬೇಕೆಂದು ಭಾರತ ಸರ್ಕಾರ ಅದೇ ತಿಂಗಳು ಆದೇಶಿಸಿತು. ಒಂದು ಆದೇಶದಿಂದ ಆಗಬಹುದಾಗಿದ್ದ ಕೆಲಸಕ್ಕೆ ವರ್ಷಗಟ್ಟಲೆ ಬೆಲೆ ತೆತ್ತದ್ದು ಇದರಿಂದ ಸ್ಪಷ್ಟವಾಯಿತು.

ನ್ಯಾಯಾಲಯಗಳು

ಒಪ್ಪಂದಗಳಲ್ಲಿ ಸಡಿಲಾದ ಫಲಿತಾಂಶದ ಹೊಣೆಯನ್ನು ನ್ಯಾಯಾಲಯಗಳು ಬೇರೆ ದಾರಿಯಿಂದ ಮರಳಿ ತರುತ್ತಿವೆ. ನೆದರ್ಲೆಂಡ್ಸ್‌ನ ಸರ್ವೋಚ್ಚ ನ್ಯಾಯಾಲಯ 2019ರ ಡಿಸೆಂಬರ್ 20ರಂದು ಉರ್ಗೆಂಡಾ ಪ್ರಕರಣದಲ್ಲಿ, 1990ಕ್ಕೆ ಹೋಲಿಸಿ 2020ರ ಕೊನೆಗೆ ಕನಿಷ್ಠ ಶೇ 25ರಷ್ಟು ಇಳಿಸಲೇಬೇಕೆಂದು ಸರ್ಕಾರಕ್ಕೆ ಆದೇಶಿಸಿದ್ದನ್ನು ಎತ್ತಿಹಿಡಿಯಿತು. ಜರ್ಮನಿಯ ಸಂವಿಧಾನ ನ್ಯಾಯಾಲಯ 2021ರಲ್ಲಿ, ಇಳಿಕೆಯ ಭಾರವನ್ನು ಮುಂದಿನ ತಲೆಮಾರಿಗೆ ದಾಟಿಸುವುದು ಅವರ ಸ್ವಾತಂತ್ರ್ಯದ ಹರಣ ಎಂದಿತು. 2024ರ ಏಪ್ರಿಲ್‌ನಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ, ಸ್ವಿಟ್ಜರ್ಲೆಂಡ್‌ನ ಹಿರಿಯ ಮಹಿಳೆಯರ ಸಂಘ ಹೂಡಿದ ದಾವೆಯಲ್ಲಿ ಆ ದೇಶವನ್ನು ತಪ್ಪಿತಸ್ಥ ಎಂದು ಘೋಷಿಸಿತು.

ಇವೆಲ್ಲಕ್ಕಿಂತ ಮಹತ್ವದ್ದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 2025ರ ಜುಲೈ 23ರಂದು ಸರ್ವಾನುಮತದಿಂದ ನೀಡಿದ ಸಲಹಾ ಅಭಿಪ್ರಾಯ. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಶುರುಮಾಡಿದ ಆಂದೋಲನವನ್ನು ವನುವಾಟು ಸರ್ಕಾರ ಕೈಗೆತ್ತಿಕೊಂಡು, 2023ರ ಮಾರ್ಚ್‌ನಲ್ಲಿ ಮಹಾಸಭೆಯ ಮೂಲಕ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳುಹಿಸಿತ್ತು. ಹವಾಮಾನ ಒಪ್ಪಂದಗಳಷ್ಟೇ ಅನ್ವಯಿಸಬೇಕು, ಅವುಗಳಾಚೆಗಿನ ಹೊಣೆ ಹೊರಿಸಬಾರದು ಎಂದು ವಾದಿಸಿದವರಲ್ಲಿ ದೊಡ್ಡ ಹೊರಸೂಸುವ ದೇಶಗಳು ಹಲವಿದ್ದವು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಇತರ ದೇಶಗಳ ಪರಿಸರಕ್ಕೆ ಗಂಭೀರ ಹಾನಿಯಾಗದಂತೆ ಎಚ್ಚರ ವಹಿಸಬೇಕೆಂಬ ರೂಢಿಗತ ಅಂತಾರಾಷ್ಟ್ರೀಯ ಕಾನೂನು ಒಪ್ಪಂದಗಳ ಜೊತೆಜೊತೆಗೇ ಅನ್ವಯಿಸುತ್ತದೆ. ಆದ್ದರಿಂದ ಒಪ್ಪಂದ ತೊರೆದ ದೇಶಕ್ಕೂ ಬಿಡುಗಡೆಯಿಲ್ಲ. ರಾಷ್ಟ್ರೀಯ ಬದ್ಧತೆಯಲ್ಲಿ ಏನು ಬರೆಯಬೇಕೆಂಬುದು ಸಂಪೂರ್ಣ ಆಯಾ ದೇಶದ ಇಷ್ಟಕ್ಕೆ ಬಿಟ್ಟ ವಿಚಾರವಲ್ಲ, 1.5 ಡಿಗ್ರಿಯೇ ಪ್ರಧಾನ ಗುರಿ ಎಂದೂ ಅದು ಹೇಳಿತು. ಪಳೆಯುಳಿಕೆ ಇಂಧನಕ್ಕೆ ಪರವಾನಗಿ ಅಥವಾ ಸಬ್ಸಿಡಿ ಕೊಡುವುದು ಅಂತಾರಾಷ್ಟ್ರೀಯ ತಪ್ಪಾಗಬಹುದು ಎಂಬ ಮಾತೂ ಅದರಲ್ಲಿದೆ. ಸಲಹಾ ಅಭಿಪ್ರಾಯ ಯಾವ ದೇಶವನ್ನೂ ನೇರವಾಗಿ ಬಂಧಿಸದು. ಹಾನಿಗೂ ಹೊಗೆಗೂ ಕಾರ್ಯಕಾರಣ ಸಂಬಂಧ ತೋರಿಸಿದರೆ ಪರಿಹಾರ ಕೇಳಬಹುದೆಂಬ ಅದರ ಮಾತು ದಾವೆಗಳಲ್ಲಿ ಎಷ್ಟು ದೂರ ಸಾಗೀತು ಎಂಬುದು ಮುಂದೆ ಕಾಣಬೇಕಾದದ್ದು.

ದೇಶಗಳ ನೀತಿ

ಸರ್ಕಾರಗಳು ಬಳಸುವ ಸಾಧನಗಳು ಸ್ಥೂಲವಾಗಿ ತೆರಿಗೆ, ಹೊರಸೂಸುವಿಕೆಯ ಪರವಾನಗಿಗಳ ವಹಿವಾಟು, ಗುಣಮಟ್ಟದ ನಿಯಮ ಮತ್ತು ಸಬ್ಸಿಡಿ. ಇಂಗಾಲದ ತೆರಿಗೆಯನ್ನು 1990ರಲ್ಲಿ ಫಿನ್ಲೆಂಡ್ ಮೊದಲು ಹಾಕಿತು, ಮರುವರ್ಷ ಸ್ವೀಡನ್. ಐರೋಪ್ಯ ಒಕ್ಕೂಟ 2005ರಲ್ಲಿ ಪರವಾನಗಿ ಮಾರುಕಟ್ಟೆ ತೆರೆಯಿತು. ಚೀನಾದ ರಾಷ್ಟ್ರೀಯ ಮಾರುಕಟ್ಟೆ ಶುರುವಾದದ್ದು 2021ರಲ್ಲಿ. ಬ್ರಿಟನ್ನಿನ 2008ರ ಹವಾಮಾನ ಬದಲಾವಣೆ ಕಾಯಿದೆ ಐದೈದು ವರ್ಷಗಳ ಇಂಗಾಲದ ಬಜೆಟ್ ಮತ್ತು ಸ್ವತಂತ್ರ ಸಮಿತಿಯ ಮಾದರಿ ಕೊಟ್ಟು ಹಲವು ದೇಶಗಳಿಗೆ ಮೇಲ್ಪಂಕ್ತಿಯಾಯಿತು.

ಭಾರತದಲ್ಲಿ ಹವಾಮಾನಕ್ಕೆಂದೇ ಒಂದು ಸಮಗ್ರ ಕಾಯಿದೆ ಇಲ್ಲ. 2008ರ ಜೂನ್ 30ರಂದು ಪ್ರಕಟವಾದ ರಾಷ್ಟ್ರೀಯ ಕ್ರಿಯಾ ಯೋಜನೆ ಎಂಟು ಅಭಿಯಾನಗಳನ್ನು ಹೆಸರಿಸಿತು. ಸೌರಶಕ್ತಿ ಮತ್ತು ಇಂಧನ ದಕ್ಷತೆಯ ಎರಡು ಚೆನ್ನಾಗಿ ನಡೆದವು. 2010ರಲ್ಲಿ ಕಲ್ಲಿದ್ದಲಿನ ಟನ್ನಿಗೆ 50 ರೂಪಾಯಿಯಂತೆ ಶುರುವಾದ ಸೆಸ್ 2016ಕ್ಕೆ 400ಕ್ಕೆ ಏರಿತು. ಶುದ್ಧ ಇಂಧನಕ್ಕೆಂದು ಎತ್ತುತ್ತಿದ್ದ ಆ ಹಣ 2017ರಲ್ಲಿ ಜಿಎಸ್‌ಟಿ ಬಂದಾಗ ರಾಜ್ಯಗಳ ನಷ್ಟ ತುಂಬುವ ಸೆಸ್‌ನಲ್ಲಿ ಲೀನವಾಯಿತು. 2022ರಲ್ಲಿ ಪರಿಷ್ಕರಿಸಿದ ಪ್ಯಾರಿಸ್ ಬದ್ಧತೆಯಂತೆ 2005ಕ್ಕೆ ಹೋಲಿಸಿ 2030ರೊಳಗೆ ಜಿಡಿಪಿಯ ಪ್ರತಿ ರೂಪಾಯಿಗೆ ಹೊಮ್ಮುವ ಹೊಗೆಯನ್ನು ಶೇ 45ರಷ್ಟು ಇಳಿಸಬೇಕು, ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧ ಪಳೆಯುಳಿಕೆಯೇತರ ಮೂಲಗಳಿಂದ ಬರಬೇಕು. ಎರಡನೆಯದು 2025ರ ಮಧ್ಯದಲ್ಲೇ ಈಡೇರಿತು. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಗಾಳಿ–ಬಿಸಿಲು ದಿನವಿಡೀ ಸಿಗದ ಕಾರಣ ವಿದ್ಯುತ್ತಿನ ದೊಡ್ಡ ಪಾಲು ಈಗಲೂ ಕಲ್ಲಿದ್ದಲಿನದೇ. ಮೊದಲನೆಯದೂ ಅನುಪಾತದ ಗುರಿಯಾದ್ದರಿಂದ ಒಟ್ಟು ಹೊಗೆ ಏರುತ್ತಿರುವಾಗಲೂ ಗುರಿ ಮುಟ್ಟಬಹುದು. ನಿವ್ವಳ ಶೂನ್ಯಕ್ಕೆ ಭಾರತ 2070ರ ಗಡುವು ಹಾಕಿಕೊಂಡಿದೆ.

ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಎಂ.ಕೆ. ರಂಜಿತ್‌ಸಿಂಹ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಗಿದೆ ಎಂದಿತು. ಪ್ರಕರಣದ ಮೂಲ ವಿಷಯ, ರಾಜಸ್ಥಾನ ಮತ್ತು ಗುಜರಾತ್‌ಗಳಲ್ಲಿ ವಿದ್ಯುತ್ ತಂತಿಗೆ ಸಿಕ್ಕು ಸಾಯುವ ಎರ್ಲಡ್ಡು ಹಕ್ಕಿಯ ರಕ್ಷಣೆ. ಸೌರವಿದ್ಯುತ್ತಿಗೆ ಅಡ್ಡಿಯಾಗದಂತೆ ಹಿಂದಿನ ವ್ಯಾಪಕ ನಿರ್ಬಂಧವನ್ನು ಸಡಿಲಿಸುವಾಗ ಈ ಹಕ್ಕು ಘೋಷಣೆಯಾದದ್ದು ಗಮನಾರ್ಹ.

ಕರ್ನಾಟಕದ ರಾಜ್ಯ ಕ್ರಿಯಾ ಯೋಜನೆಯನ್ನು ಬೆಂಗಳೂರಿನ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ ಸಿದ್ಧಪಡಿಸಿದೆ. ನೀತಿಯ ದೃಷ್ಟಿಯಿಂದ ಹೆಚ್ಚು ಚರ್ಚೆಯಾದದ್ದು ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನ. ಅಲ್ಲಿ ಸುಮಾರು 13,000 ಎಕರೆಯನ್ನು ಕೊಳ್ಳದೆ, ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಲಾಯಿತು. ಪಹಣಿ ರೈತನ ಹೆಸರಲ್ಲೇ ಉಳಿಯುವುದು ಈ ಮಾದರಿಯ ಗುಣ. ಜಮೀನಿಲ್ಲದ ಕೂಲಿಗಳಿಗೆ ಗುತ್ತಿಗೆ ಹಣವೂ ಇಲ್ಲ, ಹೊಲದ ಕೆಲಸವೂ ಇಲ್ಲ ಎಂಬುದು ಅದರ ಮೇಲಿನ ಮುಖ್ಯ ಟೀಕೆ.

ಇಂಧನ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ಬಲದಿಂದ ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯನ್ನು ಅಧಿಸೂಚಿಸಿತು. ಸಿಮೆಂಟ್, ಅಲ್ಯೂಮಿನಿಯಂ ಮುಂತಾದ ಉದ್ಯಮಗಳಿಗೆ ಟನ್ ಉತ್ಪನ್ನಕ್ಕೆ ಇಷ್ಟು ಹೊಗೆ ಎಂಬ ಮಿತಿ ಗೊತ್ತುಪಡಿಸಿ, ಮಿತಿಗಿಂತ ಕಡಿಮೆ ಬಿಟ್ಟವರು ಉಳಿಕೆಯನ್ನು ಮಾರುವ ಏರ್ಪಾಡು ಇದು. ಇದಕ್ಕೆ ಹೊರಗಿನ ಒತ್ತಡವೂ ಇದೆ. ಆಮದಾಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಹೈಡ್ರೋಜನ್ ಮತ್ತು ವಿದ್ಯುತ್ತಿನ ತಯಾರಿಕೆಯಲ್ಲಿ ಹೊಮ್ಮಿದ ಇಂಗಾಲಕ್ಕೆ ಐರೋಪ್ಯ ಒಕ್ಕೂಟ ಗಡಿ ಶುಲ್ಕ ಗೊತ್ತುಮಾಡಿದೆ. 2023ರ ಅಕ್ಟೋಬರ್‌ನಿಂದ ವರದಿ ಕಡ್ಡಾಯವಾಗಿತ್ತು, 2026ರ ಜನವರಿಯಿಂದ ಹೊಣೆ ಲೆಕ್ಕಕ್ಕೆ ಬರುತ್ತದೆ. ಭಿನ್ನ ಹೊಣೆಯ ತತ್ವವನ್ನು ಇದು ಮುರಿಯುತ್ತದೆಂದು ಭಾರತ ಆಕ್ಷೇಪಿಸುತ್ತಲೇ ಬಂದಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ತಯಾರಾದ ಉಕ್ಕು ಯುರೋಪಿನ ಬಂದರಿಗೆ ಹೋದರೆ ಅದರ ಕುಲುಮೆಯ ಹೊಗೆಯನ್ನು ಆ ಒಕ್ಕೂಟದ ವಿಧಾನದಂತೆ ಅಳೆಯಬೇಕಾಗುತ್ತದೆ. ತಯಾರಾದ ದೇಶದಲ್ಲಿ ಆಗಲೇ ತೆತ್ತ ಇಂಗಾಲದ ಬೆಲೆಯನ್ನು ಆ ಶುಲ್ಕದಲ್ಲಿ ಕಳೆದುಕೊಳ್ಳಲು ನಿಯಮದಲ್ಲಿ ಅವಕಾಶವಿದೆ.